ಗೇಜ್‌ನಲ್ಲಿ ಮೊದಲು ಎ, ಆಮೇಲೆ ಯು

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ನೇಮ್‌ಪ್ಲೇಟ್, ಸ್ಟಿಕರ್ ಕಟಿಂಗ್ ಅಂಗಡಿ ಸಾರ್. ಎಂಜಿನಿಯರಿಂಗ್ ಹುಡುಗರು ಸಣ್ಣ ವಿಮಾನದ ಎಲೆಕ್ಟ್ರಿಕಲ್ ಪ್ಯಾನಲ್‌ನ ಮಾದರಿ ಮಾಡುತ್ತಿದ್ದಾರೆ, ಲೇಬಲ್ ಕೆಲಸ ನಮಗೆ ಬಂದಿದೆ. ಅವರ ಪಟ್ಟಿಯಲ್ಲಿ ಒಂದೇ ಪದಕ್ಕೆ ಎರಡು ಥರ ಸ್ಪೆಲಿಂಗ್ ಇದೆ. ಯಾವುದನ್ನು ಕತ್ತರಿಸಲಿ?
– ಪಿ.ಜೆ. ಬಡಾವಣೆಯ ಓದುಗರು

ಉತ್ತರ: ಸದ್ಯಕ್ಕೆ ಯಾವುದನ್ನೂ ಕತ್ತರಿಸಬೇಡಿ. ಅವರು ಯಾವ ವಿಮಾನದ ಮಾದರಿ ಮಾಡುತ್ತಿದ್ದಾರೋ ಅದರ ಮ್ಯಾನ್ಯುಯಲ್ಲು, ವೈರಿಂಗ್ ಡ್ರಾಯಿಂಗು ತರಿಸಿಕೊಳ್ಳಿ. ಅದರಲ್ಲಿ ಹೇಗಿದೆಯೋ ಹಾಗೇ ಹಾಕಿ. ಪ್ಯಾನಲ್ ಮೇಲೆ ಒಂದು, ಡ್ರಾಯಿಂಗ್‌ನಲ್ಲಿ ಒಂದು, ಚೆಕ್‌ಲಿಸ್ಟ್‌ನಲ್ಲಿ ಇನ್ನೊಂದು ಅಂತಾದರೆ ಓದುವವನು ಅಲ್ಲೇ ನಿಂತುಬಿಡುತ್ತಾನೆ.

ಎಡವುವುದು ಹೆಚ್ಚಾಗಿ ಕಿವಿಗೆ ಬಿದ್ದ ಹಾಗೆ ಬರೆದಾಗ. ಗೇಜ್‌ನಲ್ಲಿ ಜಿ ಆದ ಮೇಲೆ ಎ, ಆಮೇಲೆ ಯು. ಇದನ್ನು ತಿರುಗಾಮುರುಗಾ ಮಾಡುವವರು ಊರು ತುಂಬಾ ಇದ್ದಾರೆ. ಕರೆಂಟ್ ಅಳೆಯುವ ಅಮ್ಮೀಟರ್‌ಗೆ ಎಂ ಎರಡು, ಆಂಪಿಯರ್ ಇದೆಯಲ್ಲ ಅಂತ ಪಿ ಸೇರಿಸಬೇಡಿ. ಜನರೇಟ್, ಆಲ್ಟರ್ನೇಟ್, ರೆಗ್ಯುಲೇಟ್ ಥರದ ಪದಗಳಿಂದ ಬಂದ ಜನರೇಟರ್, ಆಲ್ಟರ್ನೇಟರ್, ರೆಗ್ಯುಲೇಟರ್‌ಗಳ ಕೊನೆಗೆ ಓ-ಆರ್. ಸ್ಟಾರ್ಟರ್, ಇನ್ವರ್ಟರ್, ಟ್ರಾನ್ಸ್‌ಪಾಂಡರ್‌ಗೆ ಇ-ಆರ್. ಸರ್ಕ್ಯೂಟ್ ಬ್ರೇಕರ್‌ನಲ್ಲಿ ಆರ್ ಆದ ಮೇಲೆ ಇ-ಎ-ಕೆ, ಚಕ್ರ ಹಿಡಿಯುವ ಬ್ರೇಕ್‌ನಲ್ಲಿ ಎ-ಕೆ-ಇ. ವಿಮಾನದಲ್ಲಿ ಎರಡೂ ಇರುತ್ತವೆ, ಅದೇ ತಾಪತ್ರಯ.

ಆದರೆ ನನ್ನ ಕೇಳಿದರೆ ತಪ್ಪು ಸ್ಪೆಲಿಂಗ್‌ಗಿಂತ ಮೊಟಕು ಪದಗಳೇ ಜಾಸ್ತಿ ಅಪಾಯ. ಒಂದಕ್ಷರ ತಪ್ಪಿದರೆ ಜನ ನಕ್ಕು ಅರ್ಥ ಮಾಡಿಕೊಳ್ಳುತ್ತಾರೆ, ಮೊಟಕು ಪದ ಮಾತ್ರ ಸರಿಯಾಗಿ ಕಾಣುತ್ತಲೇ ದಾರಿ ತಪ್ಪಿಸುತ್ತದೆ. ಸೆಸ್ನಾ 172 ಅನ್ನುವ ಸಣ್ಣ ವಿಮಾನದ ಮಾಸ್ಟರ್ ಸ್ವಿಚ್ ಮೇಲೆ 'ಎ-ಎಲ್-ಟಿ' ಅಂದರೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್, ಆಟೋಪೈಲಟ್ ಮೇಲೆ ಅದೇ ಮೂರಕ್ಷರ ಎತ್ತರಕ್ಕೆ. 'ನ್ಯಾವ್' ಅಂತಷ್ಟೇ ಬರೆದರೆ ದಿಕ್ಕು ತೋರಿಸುವ ರೇಡಿಯೋನಾ, ರೆಕ್ಕೆ ತುದಿಯ ದೀಪಾನಾ? ದೀಪಕ್ಕೆ ಪಕ್ಕದಲ್ಲಿ ಎಲ್-ಟಿ (ಲೈಟ್) ಅಂತ ಇದ್ದರೆ ಗೊಂದಲವಿಲ್ಲ. ಜಾಗ ಸಾಲದಿದ್ದರೆ ಅಕ್ಷರದ ಸೈಜ್ ಕಡಿಮೆ ಮಾಡಿ, ಅಕ್ಷರ ನುಂಗಬೇಡಿ.

ಎಲ್ಲವನ್ನೂ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಹಾಕುವುದು ರೂಢಿ, ಸರಿ. ಅಳತೆಗಳಲ್ಲಿ ಮಾತ್ರ ಬೇಡ. ಅಮ್ಮೀಟರ್ ಶಂಟ್ (ಕರೆಂಟ್ ಅಳೆಯಲು ಜೋಡಿಸುವ ರೆಸಿಸ್ಟರ್) ಮೇಲೆ 50 ಮಿಲಿವೋಲ್ಟ್ ಅಂತ ಇದ್ದರೆ ಎಂ ಸಣ್ಣದು, ವಿ ದೊಡ್ಡದು. ಎಂ ದೊಡ್ಡದಾದರೆ ಅದು ಮೆಗಾವೋಲ್ಟ್, ಅಂದರೆ 100 ಕೋಟಿ ಪಟ್ಟು!

ಕಂಪ್ಯೂಟರ್ ಹಿಡಿದುಕೊಡುತ್ತದೆ ಅಂತ ಸುಮ್ನೆ ಕೂರಬೇಡಿ. ವರ್ಡ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ದೊಡ್ಡಕ್ಷರದ ಪದಗಳನ್ನು ಅದು ನೋಡುವುದೇ ಇಲ್ಲ. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಅಕ್ಷರವನ್ನು ಒಮ್ಮೆ ಕರ್ವ್ (ಬರೀ ಗೆರೆ) ಮಾಡಿದಿರೋ, ಅದು ಅಕ್ಷರವೇ ಅಲ್ಲ, ಬರೀ ಚಿತ್ರ. ಹಾಗಾಗಿ ಕರ್ವ್ ಮಾಡುವ ಮೊದಲು ಪ್ರಿಂಟ್ ತೆಗೆದು, ಒಬ್ಬರು ಡ್ರಾಯಿಂಗ್ ನೋಡಿ ಅಕ್ಷರ ಬಿಡಿಸಿ ಹೇಳಲಿ, ಇನ್ನೊಬ್ಬರು ಟಿಕ್ ಹಾಕಲಿ. ಆಮೇಲೆ ಹುಡುಗರ ಸಹಿ ತೆಗೆದುಕೊಳ್ಳಿ, ಮರೆಯಬೇಡಿ.

ಡ್ರಾಯಿಂಗ್‌ನಲ್ಲೇ ತಪ್ಪಿದೆ ಅನ್ನಿಸಿದರೆ? ನೀವಾಗಿ ತಿದ್ದಬೇಡಿ, ಬರೆದು ಕೇಳಿ. ಮುಂದೆ ಯಾರಾದರೂ ನಿಜವಾಗಿ ಹಾರುವ ವಿಮಾನಕ್ಕೆ ಲೇಬಲ್ ಕೇಳಿದರೆ ಅದು ಬೇರೆ ಲೆಕ್ಕ. ಅಲ್ಲಿ ಒಪ್ಪಿಗೆಯಾದ ಡ್ರಾಯಿಂಗ್ ಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಬೇಕು.

ಪ್ರಶ್ನೆ: ನಮ್ಮೂರಿನ ಹತ್ತಿರವೇ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇರುವುದರಿಂದ ವಿಮಾನದ ಹುಚ್ಚು ನನಗೆ. ಪ್ಯಾನಲ್‌ಗಳಲ್ಲಿ 'ಪಿಟೋ ಹೀಟ್' ಅಂತ ಇರುತ್ತದಲ್ಲ, ಇಂಗ್ಲಿಷ್‌ನಲ್ಲಿ 'ಪಿಟೋ' ಪದದ ಕೊನೆಗೆ ಟಿ ಯಾಕೆ?
– ಚಳ್ಳಕೆರೆಯ ವಿದ್ಯಾರ್ಥಿನಿ

ಉತ್ತರ: ಅದು ಮನುಷ್ಯರ ಹೆಸರಮ್ಮಾ. ಆಂರಿ ಪಿಟೋ ಫ್ರಾನ್ಸಿನ ಎಂಜಿನಿಯರ್, 1732ರಲ್ಲಿ ಸೀನ್ ನದಿ ನೀರಿನ ವೇಗ ಅಳೆಯಲು ಕೊಳವೆ ಮಾಡಿದವರು. ಫ್ರೆಂಚರು ಕೊನೆಯ ಟಿ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ವಿಮಾನದಲ್ಲಿ ಅಂಥದ್ದೇ ಕೊಳವೆ ಗಾಳಿಯ ವೇಗ ತಿಳಿಸುತ್ತದೆ. ಅದರ ಬಾಯಿಗೆ ಮಂಜುಗಡ್ಡೆ ಕಟ್ಟಿದರೆ ವೇಗ ತಪ್ಪಾಗಿ ತೋರಿಸುತ್ತದೆ, ಅದಕ್ಕೇ ಬಿಸಿ ಮಾಡುವ ಸ್ವಿಚ್. ಲೇಬಲ್‌ನಲ್ಲಿ ಟಿ ಬಿಡುವಂತಿಲ್ಲ.