ದಿನವೂ ಪ್ರಾರ್ಥಿಸಿದರೆ ದೇವರ ಗುರುತು ಸಿಗುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ‘ದೇವರು ಇವತ್ತು ನನ್ನ ಜೊತೆಗಿದ್ದರು’ ಎಂದು ಕ್ರೈಸ್ತರು ಹೇಳುತ್ತಾರಲ್ಲ, ಅದು ಅವರಿಗೆ ಗೊತ್ತಾಗುವುದು ಹೇಗೆ? ದಿನವೂ ಅದೇ ಪ್ರಾರ್ಥನೆ ಹೇಳುತ್ತಿದ್ದರೆ ಅದು ಬರೀ ಬಾಯಿಪಾಠ ಆಗುವುದಿಲ್ಲವೇ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಆಗುತ್ತದೆ. ನನಗೆ ಆಗಿತ್ತು. ನಾನು ಮಂಗಳೂರು ಕಡೆಯ ಕೊಂಕಣಿ ಕಥೋಲಿಕ. ಸಂಜೆ ಇಗರ್ಜಿಯ ಗಂಟೆ ಕೇಳಿಸಿದ ಮೇಲೆ ಮನೆಮಂದಿಯೆಲ್ಲ ಮಂಡಿಯೂರಿ ‘ತೆರ್ಸ್’, ಅಂದರೆ ಜಪಸರ, ಹೇಳಬೇಕಿತ್ತು. ಐವತ್ತಮೂರು ಸಲ ‘ನಮಾನ್ ಮರಿಯೆ’, ಅಂದರೆ ಮರಿಯಮ್ಮನಿಗೆ ನಮನ ಹೇಳುವ ಪ್ರಾರ್ಥನೆ. ಒಂದು ಕಡೆ ಸೊಳ್ಳೆ, ಇನ್ನೊಂದು ಕಡೆ ತೂಕಡಿಕೆ, ಅಡುಗೆಮನೆಯಿಂದ ಮೀನುಸಾರಿನ ವಾಸನೆ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಇನ್ನೊಂದು ಪರಲೋಕ ಮಂತ್ರ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ, ಸೇರಿಸುತ್ತಿದ್ದರು. ಹೆರಿಗೆಗೆ ಹೋದ ಪಕ್ಕದ ಮನೆಯವಳಿಗೆ ಒಂದು, ಗಲ್ಫಿನಲ್ಲಿದ್ದ ಚಿಕ್ಕಪ್ಪನಿಗೆ ಒಂದು, ಒಮ್ಮೆ ಹಾಲು ಬತ್ತಿದ ಎಮ್ಮೆಗೂ ಒಂದು. ನಮಗೆ ಸಿಟ್ಟು ಬರುತ್ತಿತ್ತು. ಅಜ್ಜಿ ತಮ್ಮ ಇಡೀ ದಿನವನ್ನು ದೇವರ ಮುಂದೆ ಹರಡಿಕೊಳ್ಳುತ್ತಿದ್ದರು ಎಂಬುದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ, ಅದೂ ಒಂದು ಧ್ಯಾನಕೂಟದಲ್ಲಿ.

ಅಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುವೊಬ್ಬರು ಆ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಆತ್ಮಶೋಧನೆಯ ಕ್ರಮವನ್ನು ಕಲಿಸಿದರು. 1548ರಲ್ಲಿ ಅಚ್ಚಾದ ಅವರ ಕಿರುಹೊತ್ತಗೆಯಲ್ಲಿ ಅದು ಐದು ಹೆಜ್ಜೆಗಳಲ್ಲಿದೆ. ನನಗೆ ಹಿಡಿಸಿದ್ದು ಮೊದಲನೆಯದು: ಪಾಪಗಳ ಲೆಕ್ಕಕ್ಕೆ ಮುಂಚೆ ಕೃತಜ್ಞತೆ. ಆಮೇಲೆ ಬೆಳಕು ಕೊಡು ಎಂದು ಬೇಡಿಕೊಂಡು, ಎದ್ದ ಗಳಿಗೆಯಿಂದ ಈ ಗಳಿಗೆಯವರೆಗಿನ ದಿನವನ್ನು ತಾಸು ತಾಸಾಗಿ ನೋಡುವುದು. ಬಳಿಕ ಕ್ಷಮೆ ಕೇಳುವುದು, ನಾಳೆ ತಿದ್ದಿಕೊಳ್ಳುತ್ತೇನೆ ಎಂದು ನಿಶ್ಚಯಿಸುವುದು. ಹತ್ತು ಹದಿನೈದು ನಿಮಿಷದ ಕೆಲಸ. ಅರ್ಧಕ್ಕೇ ನಿದ್ದೆ ಹೋದ ರಾತ್ರಿಗಳೇ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ.

ನಿದ್ದೆ ಬಾರದ ಒಂದು ರಾತ್ರಿಯ ಮಾತು ಹೇಳುತ್ತೇನೆ. ನಾನು ಬ್ಯಾಂಕಿನ ನೌಕರ. ನವೆಂಬರಿನಲ್ಲಿ ಪಿಂಚಣಿದಾರರೆಲ್ಲ ಜೀವನ ಪ್ರಮಾಣಪತ್ರ, ಅಂದರೆ ತಾವಿನ್ನೂ ಬದುಕಿದ್ದೇವೆ ಎಂಬ ಪುರಾವೆ, ಕೊಡಲು ಬರುತ್ತಾರೆ. ಆ ದಿನ ಬಂದ ಒಬ್ಬ ಮುದುಕಿಯ ಬೆರಳಚ್ಚನ್ನು ಯಂತ್ರ ನಾಲ್ಕು ಸಲವೂ ಒಪ್ಪಲಿಲ್ಲ. ಸರತಿಯಲ್ಲಿ ಇನ್ನೂ ಇಪ್ಪತ್ತು ಜನ. ‘ನಾಳೆ ಬನ್ನಿ’ ಎಂದು ಕಳಿಸಿಬಿಟ್ಟೆ. ರಾತ್ರಿ ದಿನವನ್ನು ಹಿಂದಿರುಗಿ ನೋಡುವಾಗ ಮುಖವಲ್ಲ, ಆ ಬೆರಳುಗಳು ಬಂದು ನಿಂತವು. ಬೀಡಿ ಕಟ್ಟಿ ಕಟ್ಟಿ ಗೆರೆ ಸವೆದ ಬೆರಳುಗಳು. ನನ್ನ ಅಜ್ಜಿಯವೂ ಹಾಗೆಯೇ ಇದ್ದವು. ಆ ಬೆರಳುಗಳಲ್ಲೇ ಅವರು ಜಪಸರದ ಮಣಿ ಎಣಿಸುತ್ತಿದ್ದರು. ಕಾಗದದ ನಮೂನೆಯನ್ನು ತುಂಬಿಸಿ ಸಹಿ ಹಾಕಿಸಿಕೊಂಡಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು.

ಆ ಮುದುಕಿಯಲ್ಲಿ ದೇವರನ್ನು ಕಂಡೆ ಎಂಬ ದೊಡ್ಡ ಮಾತು ನನ್ನದಲ್ಲ. ಕೌಂಟರಿನಲ್ಲಿ ನಾನು ಏನನ್ನೂ ಕಂಡಿರಲಿಲ್ಲ. ಯಾರೋ ಕರೆದಿದ್ದರು, ನಾನು ಓಗೊಟ್ಟಿರಲಿಲ್ಲ ಎಂಬುದು ತಿಳಿದದ್ದು ರಾತ್ರಿ. ನನ್ನ ಮಟ್ಟಿಗೆ ಗುರುತು ಯಾವಾಗಲೂ ಹೀಗೆ ತಡವಾಗಿಯೇ ಸಿಗುತ್ತದೆ. ಬೈಬಲಿನ ಲೂಕನ ಶುಭಸಂದೇಶದಲ್ಲಿ ಎಮ್ಮಾವುಸ್ ಊರಿನ ಹಾದಿ ಹಿಡಿದ ಇಬ್ಬರು ಶಿಷ್ಯರಿಗೂ ಆದದ್ದು ಇದೇ. ಸತ್ತು ಮತ್ತೆ ಜೀವಂತವಾಗಿ ಎದ್ದ ಯೇಸು ಜೊತೆಗೇ ನಡೆದು ಮಾತನಾಡಿದರೂ ಅವರಿಗೆ ಗುರುತು ಹತ್ತಲಿಲ್ಲ. ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ ಹತ್ತಿತು. ಹತ್ತಿದೊಡನೆ ಯೇಸು ಕಣ್ಮರೆಯಾದರು. ದಾರಿಯಲ್ಲಿ ನಮ್ಮ ಎದೆ ಕುದಿಯುತ್ತಿತ್ತಲ್ಲವೇ ಎಂದು ಇಬ್ಬರೂ ನೆನೆದದ್ದು ಅದಾದ ಮೇಲೆ. ಆ ಕೈ ರೊಟ್ಟಿ ಮುರಿಯುವುದನ್ನು ಅವರು ಮೊದಲೂ ಕಂಡಿದ್ದಿರಬೇಕು. ಪರಿಚಯವಿಲ್ಲದ ಕೈಯನ್ನು ಗುರುತಿಸುವುದಾದರೂ ಹೇಗೆ? ಬಾಯಿಪಾಠದಂತೆ ಕಂಡ ಐವತ್ತಮೂರು ಮಣಿಗಳು ನನಗೆ ಕೊಟ್ಟದ್ದು ಆ ಪರಿಚಯವನ್ನು ಎಂದು ಈಗ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ‘ಪ್ರಾರ್ಥಿಸಿದೆ, ಬಸ್ ಸಿಕ್ಕಿತು, ದೇವರು ದೊಡ್ಡವನು’ ಎಂಬ ಧಾಟಿ ನನಗೆ ಆಗದು. ಬಸ್ ತಪ್ಪಿದವನ ದೇವರು ಯಾರು ಹಾಗಾದರೆ?

ಆ ಅಮ್ಮ ಮರುದಿನ ಬರಲಿಲ್ಲ. ಮೂರನೆಯ ದಿನ ಬಂದರು. ನಾನೇ ಎದ್ದು ಹೋಗಿ ಕುರ್ಚಿ ಹಾಕಿ, ನಮೂನೆ ತುಂಬಿಸಿದೆ. ಸಹಿ ಮಾಡುತ್ತಾ, ‘ಬದುಕಿದ್ದೇನೆ ಎಂದು ಈಗಲಾದರೂ ನಂಬಿದಿರಲ್ಲ ಮಗನೇ’ ಎಂದು ನಕ್ಕರು.