ಮೊಲ ಸತ್ತದ್ದನ್ನು ಮಗಳಿಗೆ ಹೇಳಿರಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ಹೆಂಗಸಿಗೆ ಐವತ್ತರ ಆಸುಪಾಸು. ಜೊತೆಗೆ ಬಂದಿದ್ದ ಗಂಡನೇ ಮೊದಲು ಮಾತು ತೆಗೆದರು: "ಒಂದು ಮೊಲ ಸತ್ತಿದ್ದಕ್ಕೆ ಇವಳು ಊಟ ನಿದ್ದೆ ಬಿಟ್ಟಿದ್ದಾಳೆ. ಅಂಥದ್ದೇ ಬಿಳೀದು ಶಿವಮೊಗ್ಗದಲ್ಲಿ ಸಿಗತ್ತೆ, ತಂದುಕೊಡ್ತೀನಿ ಅಂದ್ರೆ ಅದಕ್ಕೂ ಅಳು."

ಮಗಳು ಓದಲು ಮಂಗಳೂರಿಗೆ ಹೋದಾಗ ಬಿಟ್ಟುಹೋದ ಅಕ್ಕತಂಗಿ ಮೊಲಗಳವು. ಆಷಾಢದ ಮಳೆಯಲ್ಲಿ ಒಂದು ಮೇವು ಬಿಟ್ಟು ಮೂಲೆಯಲ್ಲಿ ಮುದುಡಿ ಕೂತಿತು, ಹಿಕ್ಕೆ ನಿಂತಿತು. ಬೆಳಿಗ್ಗೆ ನೋಡೋಣ ಅಂದುಕೊಂಡರು. ಬೆಳಿಗ್ಗೆ ಡಾಕ್ಟರ ಹತ್ತಿರ ಒಯ್ಯುವಷ್ಟರಲ್ಲಿ ಹೋಗಿತ್ತು. "ಮನುಷ್ಯರು ಸತ್ರೂ ಹದಿಮೂರು ದಿನಕ್ಕೆ ಮುಗಿಯತ್ತೆ, ಇದೇನು ನಿಂದು?" ಎಂದರಂತೆ ಅತ್ತೆ.

"ನಾನೇ ಕೊಂದೆ, ಒದ್ದೆ ಹುಲ್ಲು ಹಾಕಿದ್ದೆ," ಎಂದರು ಆಕೆ. ಛೇ, ನಿಮ್ಮ ತಪ್ಪಲ್ಲ ಎಂದು ಕೂಡಲೇ ಹೇಳಿಬಿಡುವುದು ನನಗೆ ಸರಿಕಾಣುವುದಿಲ್ಲ; ಹಾಗೆ ಹೇಳಿದರೆ ಎದುರಿನವರು ಬಾಯಿ ಮುಚ್ಚುತ್ತಾರೆ, ಅಷ್ಟೇ. ಪಶುವೈದ್ಯರನ್ನೇ ಕೇಳಿಕೊಂಡು ಬನ್ನಿ ಎಂದೆ. ಪರೀಕ್ಷೆ ಮಾಡದೆ ಕಾರಣ ಹೇಳಲಾಗದು, ಆದರೆ ಮೊಲ ಅರ್ಧ ದಿನ ಮೇವು ಮುಟ್ಟದಿದ್ದರೆ ರಾತ್ರಿಯಾದರೂ ತರಬೇಕು ಎಂದರಂತೆ. ಬೇಟೆಗೆ ಬೀಳುವ ಪ್ರಾಣಿ, ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಈ ಮಾತು ಅವರಿಗೆ ನನ್ನ ಸಮಾಧಾನಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

"ಉಳಿದದ್ದು ಹೇಗಿದೆ?" ಎಂದು ಕೇಳಿದೆ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಜೊತೆಯದು ಮಲಗುತ್ತಿದ್ದ ಗೋಣಿತಾಟಿನ ಮೇಲೇ ಬಿದ್ದುಕೊಂಡಿರುತ್ತದೆ, ಕೊತ್ತಂಬರಿ ಸೊಪ್ಪು ಹಿಡಿದರೆ ಮೂಸಿ ಬಿಡುತ್ತದೆ ಎಂದು ಆಕೆ ಮೆಲ್ಲಗೆ ಹೇಳಿದರು. ಅವತ್ತು ಮೊದಲ ಸಲಹೆ ಅದರದ್ದೇ: ಇಲ್ಲಿಂದ ನೇರ ಪಶುವೈದ್ಯರ ಹತ್ತಿರ ಹೋಗಿ.

ಬಿಳಿಯದೇ ಯಾಕೆ ಬೇಕು ಎಂಬುದು ಆಮೇಲೆ ಹೊರಬಿತ್ತು. ಮಗಳಿಗೆ ಪರೀಕ್ಷೆ, ಹಾಗಾಗಿ ಸುದ್ದಿಯನ್ನೇ ಹೇಳಿಲ್ಲ. ವಿಡಿಯೋ ಕಾಲ್‌ನಲ್ಲಿ ಅವಳು "ಎರಡನ್ನೂ ತೋರಿಸು" ಎಂದರೆ ತಾಯಿ "ನೆಟ್‌ವರ್ಕ್ ಇಲ್ಲ" ಎಂದು ಇಟ್ಟುಬಿಡುತ್ತಿದ್ದರು. (ನಮ್ಮ ಮಲೆನಾಡಿನಲ್ಲಿ ಯಾರೂ ಅನುಮಾನಿಸದ ಸುಳ್ಳು.) ರಜೆಗೆ ಬರುವಷ್ಟರಲ್ಲಿ ಅಂಥದ್ದೇ ಒಂದು ಇದ್ದರೆ ಗೊತ್ತಾಗುವುದಿಲ್ಲ ಎಂಬುದು ತಂದೆಯ ಲೆಕ್ಕ. ಕೆಟ್ಟ ಮನಸ್ಸೇನಲ್ಲ. ಆದರೆ ಹೆಂಡತಿ ದಿನವೂ ಆ ಹೊಸ ಮೊಲವನ್ನು ಸತ್ತದ್ದರ ಹೆಸರಿನಿಂದ ಕರೆಯಬೇಕಾಗುತ್ತಿತ್ತು.

ಹಾಗಾಗಿ ಪರೀಕ್ಷೆ ಮುಗಿದ ದಿನವೇ ಮಗಳಿಗೆ ಹೇಳಿ, ತಾಯಿಯೇ ಹೇಳಲಿ ಎಂದೆ. ಗಂಡನಿಗೆ, ಆಶ್ಚರ್ಯ ಕೊಡಲು ಹೋಗಿ ಏನನ್ನೂ ತರಬೇಡಿ ಎಂದೆ. ನಿಮಗೆ ಇನ್ನೊಂದು ಮೊಲ ಬೇಕೇ ಎಂಬುದು ಬೇರೆ, ಉಳಿದದ್ದಕ್ಕೆ ಜೊತೆ ಬೇಕೇ ಎಂಬುದು ಬೇರೆ. ಮೊದಲನೆಯದಕ್ಕೆ ಉತ್ತರ ಸಿಗಲು ವರ್ಷವೇ ಆಗಲಿ. ಎರಡನೆಯದು ಅಷ್ಟು ಕಾಯುವುದಿಲ್ಲ, ಗುಂಪಿನಲ್ಲಿ ಬಾಳುವ ಪ್ರಾಣಿ. ಅದಕ್ಕಾಗಿ ತರುವುದಾದರೆ ನಿಮಗೆ ಅದರ ಮೇಲೆ ಪ್ರೀತಿ ಹುಟ್ಟದಿದ್ದರೂ ಸದ್ಯಕ್ಕೆ ಅಡ್ಡಿಯಿಲ್ಲ, ಹೊತ್ತಿಗೆ ಸರಿಯಾಗಿ ಮೇವು ಹಾಕಿದರೆ ಸಾಕು ಎಂದಾಗ ಆಕೆ ನಿಡುಸುಯ್ದರು.

ತೋಟದ ಕೆಲಸದವನು ಕಾಡುಮೊಲದ ಮರಿ ಹಿಡಿದುಕೊಡುತ್ತೇನೆ ಎಂದಿದ್ದನಂತೆ. ಅದು ಬೇರೆಯೇ ಜಾತಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದೂ ಸಾಕುವುದೂ ಅಪರಾಧ. ಬೇಡ. ಸಾಕುಮೊಲವೇ ಆಗಲಿ, ಬೇರೆ ಬಣ್ಣದ್ದಾಗಲಿ. ಹೆಣ್ಣಿಗೆ ಗಂಡು ಸುಲಭವಾಗಿ ಹೊಂದುತ್ತದೆ, ಆದರೆ ಗಂಡಿಗೆ ಸಂತಾನಹರಣ ಚಿಕಿತ್ಸೆ ಆಗಿರಬೇಕು, ಆದ ಮೇಲೂ ಕೆಲವು ವಾರ ಬೇರೆ ಇಡಬೇಕು. ಇಲ್ಲವಾದರೆ ತಿಂಗಳೊಪ್ಪತ್ತಿನಲ್ಲಿ ಮರಿಗಳ ಹಿಂಡು. ಮೊಲಕ್ಕೆ ಈ ಶಸ್ತ್ರಚಿಕಿತ್ಸೆ ಮಾಡುವವರು ಎಲ್ಲ ಕಡೆ ಸಿಗುವುದಿಲ್ಲ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ ಎಂದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲು ಯಾವ ಮೊಲಕ್ಕೂ ಕೂಡದು.

ಮಗಳು ಸುದ್ದಿ ಕೇಳಿ ಅತ್ತಳಂತೆ, ಮುಚ್ಚಿಟ್ಟದ್ದಕ್ಕೆ ಇಬ್ಬರನ್ನೂ ಬೈದಳಂತೆ. ದೀಪಾವಳಿ ಕಳೆದ ಮೇಲೆ ಅವಳೇ ಜೊತೆಗೆ ಹೋಗಿ ಕಂದು ಬಣ್ಣದ ಗಂಡೊಂದನ್ನು ಆರಿಸಿ ತಂದಳು. ಚಿಕಿತ್ಸೆ ಆಗಿದೆ. ನಡುವೆ ತಂತಿಬಲೆ ಕಟ್ಟಿ ಅಕ್ಕಪಕ್ಕ ಇಟ್ಟಿದ್ದಾರೆ. ಎರಡೂ ಮೊಲಗಳು ಹಿಂದೆ ಕಾಲಿಡದ ಅಡಿಕೆ ಕೋಣೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಎದುರುಬದುರು ಬಿಡುತ್ತಾರೆ. ಹಳೆಯದು ಇನ್ನೂ ಅಟ್ಟಿಸಿಕೊಂಡು ಹೋಗುತ್ತದಂತೆ. ರಕ್ತ ಬರುವ ಹಾಗೆ ಕಚ್ಚದಿದ್ದರೆ ಮುಂದುವರಿಸಿ, ಅವಸರ ಮಾಡಬೇಡಿ ಎಂದಿದ್ದೇನೆ.