ಆಪ್ತಸಲಹೆ ಪ್ರಕರಣ: ಹಕ್ಕಿ ಎಣಿಸಲು ಒಲ್ಲೆ ಎಂದ ಮೊಮ್ಮಗಳು

ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆ ಬಂತೆಂದರೆ ಇವರ ಮನೆಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಅಂದರೆ ಹಿತ್ತಿಲಿನ ಹಕ್ಕಿ ಎಣಿಕೆ, ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ಶುರುಮಾಡಿದ ಈ ಎಣಿಕೆ 2013ರಿಂದ ಎಲ್ಲ ದೇಶಗಳಿಗೂ ತೆರೆದಿದೆ. ಹಾಗಾಗಿ ಮೈಸೂರಿನಲ್ಲಿ ಅಜ್ಜ ಪಿಕಳಾರ, ಗೊರವಂಕ ಎಣಿಸಿದರೆ, ಮೊಮ್ಮಗಳು ಅಡುಗೆಮನೆ ಕಿಟಕಿಯಿಂದ ಜುಂಕೋ, ಕಾರ್ಡಿನಲ್ ಎಣಿಸುತ್ತಿದ್ದಳು. ಆಮೇಲೆ ವೀಡಿಯೊ ಕರೆಯಲ್ಲಿ ಪಟ್ಟಿ ಓದುವುದು ವಾಡಿಕೆ.

ಈ ಜನವರಿಯಲ್ಲಿ 13ರ ಹುಡುಗಿ, "ನಾನಿಲ್ಲ" ಅಂದುಬಿಟ್ಟಳು. ಫೋನಿನ ಗೀಳು ಎಂದರು ತಾಯಿ. ಹಿಂದಿನ ವರ್ಷ ಎಲ್ಲರೆದುರು ಲೆಕ್ಕ ತಿದ್ದಿದ್ದಕ್ಕೆ ಮುನಿಸು ಎಂದರು ಅಜ್ಜ. ಅದರಲ್ಲೂ ಸ್ವಲ್ಪ ನಿಜವಿತ್ತು: ಚಿಕಡೀ 14 ಎಂದು ಅವಳು ಬರೆದಿದ್ದಳು. ಚಿಕಡೀ ಒಂದೇ ಕಾಳು ಕಚ್ಚಿಕೊಂಡು ಹಾರಿ, ಮತ್ತೆ ಬರುವ ಹಕ್ಕಿ. ಬಂದಾಗಲೆಲ್ಲ ಗೀಟು ಹಾಕಿದರೆ ಮೂರು ಹದಿನಾಲ್ಕಾಗುತ್ತದೆ. ಅಜ್ಜನ ಲೆಕ್ಕ ಸರಿ, ಹೇಳಿದ ಜಾಗ ತಪ್ಪು.

ಆದರೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಮಾತಾಡಿದಾಗ ಚಿಕಡೀ ಸುದ್ದಿಯೇ ಬರಲಿಲ್ಲ. ಹಿಂದಿನ ವರ್ಷ ಲೆಕ್ಕ ತಿದ್ದಿದ ಅದೇ ದಿನ ಒಂದು ಜುಂಕೋ ಕಿಟಕಿ ಗಾಜಿಗೆ ಬಡಿದು ಸತ್ತಿತ್ತು. ಸಂಜೆ ಅಪ್ಪ ಪಟ್ಟಿ ಓದಿದರು: ಜುಂಕೋ ಒಂಬತ್ತು. "ಸತ್ತಿದ್ದನ್ನೂ ಸೇರಿಸಿ ಓದಿದ್ರು, ಯಾರೂ ಏನೂ ಅನ್ಲಿಲ್ಲ" ಎಂದಳು. ಎಣಿಸುವಾಗ ಅದು ಬದುಕಿತ್ತು, ಅಂಕಿ ಸರಿಯೇ. ಅಂಕಿ ಸರಿಯಿದ್ದದ್ದೇ ಅವಳಿಗೆ ಕೊರೆಯುತ್ತಿತ್ತು.

ಮೊದಲ ಸಲಹೆ ತಂದೆತಾಯಿಗೆ: ಎಣಿಕೆಗೆ ಕೂರು ಎಂದು ಒತ್ತಾಯಿಸಬೇಡಿ, ಮೊದಲು ಕಿಟಕಿ ಸರಿಮಾಡಿ, ಅವಳನ್ನೇ ಮುಂದಿಟ್ಟುಕೊಂಡು. ಹಕ್ಕಿಗಳಿಗೆ ಇಟ್ಟ ಕಾಳಿನ ಡಬ್ಬಿ ಗಾಜಿನಿಂದ ಸುಮಾರು 12 ಅಡಿ ದೂರದಲ್ಲಿತ್ತು. ಅಪಾಯದ ದೂರವೇ ಅದು. ಗಿಡುಗ ಕಂಡು ಬೆದರಿದ ಹಕ್ಕಿ ಗಾಜಿನಲ್ಲಿ ಪ್ರತಿಫಲಿಸಿದ ಮರವನ್ನು ನಿಜವೆಂದು ನಂಬಿ ನುಗ್ಗುತ್ತದೆ, ಅಷ್ಟು ದೂರದಲ್ಲಿ ಪ್ರಾಣ ಹೋಗುವಷ್ಟು ವೇಗ ಬಂದಿರುತ್ತದೆ. ಡಬ್ಬಿ 3 ಅಡಿಯೊಳಗಿರಬೇಕು, ಇಲ್ಲವೇ 30 ಅಡಿ ಆಚೆಗೆ. ಗಾಜಿಗೆ 2 ಇಂಚಿಗೊಂದರಂತೆ ಚುಕ್ಕಿ ಅಂಟಿಸಬೇಕು, ಅದೂ ಹೊರಮೈಗೆ. ಒಳಗೆ ಅಂಟಿಸಿದರೆ ಪ್ರತಿಬಿಂಬದ ಹಿಂದೆ ಮರೆಯಾಗುತ್ತವೆ. ಒಂದೇ ಗಿಡುಗದ ಸ್ಟಿಕ್ಕರ್ ಅಂಟಿಸಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ, ಅದರಿಂದ ಏನೂ ಆಗದು.

ಲೆಕ್ಕದ ಜಗಳಕ್ಕೆ ಮಾತಿಗಿಂತ ನಿಯಮ ವಾಸಿ. ಒಂದು ಪಟ್ಟಿಗೆ ಕನಿಷ್ಠ 15 ನಿಮಿಷ. ಪ್ರತಿ ಜಾತಿಯಲ್ಲೂ ಒಮ್ಮೆಗೇ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯುವುದು. ಗಂಡು ಹೆಣ್ಣು ಬೇರೆ ಕಾಣುವ ಜಾತಿಗೆ ಸಣ್ಣ ವಿನಾಯಿತಿ ಇದೆ: ಕೆಂಪು ಕಾರ್ಡಿನಲ್ ಒಮ್ಮೆ, ಕಂದು ಹೆಣ್ಣು ಇನ್ನೊಮ್ಮೆ ಬಂದರೆ ಎರಡೆಂದೇ ಲೆಕ್ಕ. ನೋಡಲು ಒಂದೇ ತೆರನಾದ ಎರಡು ಮರಕುಟಿಗಗಳಲ್ಲಿ ಇದು ಡೌನಿಯೋ ಹೇರಿಯೋ ಎಂಬ ವಾದ ಎದ್ದರೆ ಕೊಕ್ಕು ನೋಡಿ: ಡೌನಿಯದು ಮೊಂಡು, ತಲೆಯ ಉದ್ದದ ಮೂರನೇ ಒಂದು ಪಾಲಿನಷ್ಟು, ಹೇರಿಯದು ಹೆಚ್ಚುಕಡಿಮೆ ತಲೆಯಷ್ಟೇ ಉದ್ದ. ಆಗಲೂ ತೀರ್ಮಾನವಾಗದಿದ್ದರೆ ಬರೆಯಬೇಡಿ. ಗುರುತಿಸಲು ಬಂದವನ್ನೆಲ್ಲ ಬರೆದಿದ್ದರೆ ಪಟ್ಟಿ ಪೂರ್ತಿಯೇ.

ಅಜ್ಜನಿಗೆ ಹೇಳಿದ್ದು ಇಷ್ಟೇ: ತಿದ್ದುವುದಿದ್ದರೆ ಮೊಮ್ಮಗಳಿಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ, ಕರೆಯಲ್ಲಿ ಬೇಡ. ಸತ್ತ ಜುಂಕೋ ಬಗ್ಗೆ ಒಮ್ಮೆ ಕೇಳಿ, ಕೇಳಿ ಸುಮ್ಮನಿರಿ. ಎರಡನೆಯದು ಅವರಿಗೆ ಕಷ್ಟವಾಯಿತು.

ಮಾರ್ಚಿನಲ್ಲಿ ಮತ್ತೆ ಬಂದರು. ಚುಕ್ಕಿ ಅಂಟಿಸಿದ್ದು ಹುಡುಗಿಯೇ, ಸ್ಕೇಲು ಹಿಡಿದು. ನಾಲ್ಕು ದಿನದಲ್ಲಿ ಎರಡು ದಿನ ಎಣಿಸಿದಳಂತೆ, ಕರೆಗೆ ಮಾತ್ರ ಬರಲಿಲ್ಲ. ಬರಿಸಲು ಹೋಗಬೇಡಿ ಎಂದೆ. ಇನ್ನೊಂದು ಹಕ್ಕಿ ಬಡಿದರೆ ಏನು ಮಾಡಲಿ ಎಂದು ಅವಳು ಕೇಳಿದ್ದಕ್ಕೆ ಕಾಗದದಲ್ಲಿ ಬರೆದುಕೊಟ್ಟೆ: ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚು, ಕತ್ತಲಿರಲಿ, ಸದ್ದಿರದಿರಲಿ. ನೀರು, ಕಾಳು ಕೊಡಬೇಡ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಒಯ್ದು ತೆರೆ. ಹಾರದಿದ್ದರೆ ವನ್ಯಜೀವಿ ಆರೈಕೆಯವರಿಗೆ ಫೋನ್ ಮಾಡಲು ಅಮ್ಮನಿಗೆ ಹೇಳು.